ಎಡ–ಬಲ ಕೂಡಿದ ಊರಿನಲ್ಲಿ

ದಾವಣಗೆರೆಗೆ ಬಂದಿಳಿದವರು ಮೊದಲು ಹುಡುಕುವುದು ಬೆಣ್ಣೆ ದೋಸೆಯನ್ನು. ಹೋಟೆಲಿನ ಕಾವಲಿಯ ಮೇಲೆ ಹಿಟ್ಟು ಬಿದ್ದು, ಅದರ ಮೇಲೆ ಬೆಣ್ಣೆ ಕರಗಿ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿಯ ಜೊತೆ ತಟ್ಟೆಗೆ ಬರುವವರೆಗೆ ಯಾರಿಗೂ ಬೇರೆ ಯೋಚನೆ ಇರುವುದಿಲ್ಲ. ಆದರೆ ಆ ಹಿಟ್ಟಿನದೂ ಒಂದು ಕಥೆಯಿದೆ. ಹಿಂದಿನ ದಿನ ರುಬ್ಬಿಟ್ಟ ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗಿರುತ್ತದೆ. ಉಬ್ಬಿಸಿದ್ದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಯಾರೂ ಕರೆಯದಿದ್ದರೂ ಮುಚ್ಚಿದ ಪಾತ್ರೆಯೊಳಗೆ ಸಂಸಾರ ಹೂಡುವಷ್ಟು ಜೀವ ಈ ಭೂಮಿಯ ಮೇಲೆ ಧಾರಾಳವಾಗಿದೆ. ಹಾಗಾದರೆ ಭೂಮಿಯಾಚೆ? ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಹರಿಹರದ ಬಸ್ಸು ಹತ್ತಿದರೆ ಪ್ರಯಾಣಕ್ಕೆ ಬೇರೆಯದೇ ರುಚಿ ಬರುತ್ತದೆ.

ದಾರಿ ಸುಮಾರು 14 ಕಿಲೋಮೀಟರು. ರೈಲಿನಲ್ಲಿ ಬರುವವರಿಗೂ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಎರಡೂ ಊರುಗಳು ಸಿಗುತ್ತವೆ. ತುಂಗಭದ್ರೆಯ ದಂಡೆಯ ಹರಿಹರದಲ್ಲಿ ನೋಡಲೇಬೇಕಾದದ್ದು ಹರಿಹರೇಶ್ವರ ದೇವಾಲಯ. ಹೊಯ್ಸಳ ದೊರೆ ಎರಡನೆಯ ವೀರ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಕಡೆದು ನುಣುಪು ಮಾಡಿದ ಕಂಬಗಳಲ್ಲಿ ಇಂದಿಗೂ ಹೊಳಪಿದೆ. ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಇದೇ ಊರಿನಲ್ಲಿ ಶುರುವಾಗಿತ್ತು ಎಂಬುದನ್ನು ಆ ಕಂಬಗಳ ಎದುರು ನೆನೆಯುವುದು ಸೊಗಸು.

ಒಬ್ಬನಿಂದ ಸಾಯದ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಹರಿ ಮತ್ತು ಹರ ಒಂದೇ ದೇಹವಾದರು ಎಂಬುದು ಸ್ಥಳಪುರಾಣ. ಗರ್ಭಗುಡಿಯ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಎದುರು ನಿಂತ ಮಕ್ಕಳು ಸಾಮಾನ್ಯವಾಗಿ ತಬ್ಬಿಬ್ಬಾಗುತ್ತಾರೆ. ದೇವರ ಬಲ ನೋಡುವವರಿಗೆ ಎಡ. ದೇವರ ಎಡ ನೋಡುವವರಿಗೆ ಬಲ! ಭೂಮಿಯಾಚೆಯ ಜೀವವನ್ನು ಅರಸುವ ವಿಜ್ಞಾನಿಗಳನ್ನು ಕಾಡುತ್ತಿರುವುದೂ ಇಂಥದೇ ಒಂದು ಎಡ–ಬಲದ ಒಗಟು.

ನಮ್ಮ ಮೈಯ ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದಾದವು. ಈ ಇಟ್ಟಿಗೆಗಳಲ್ಲಿ ಹೆಚ್ಚಿನವು ಎರಡು ಕೈಗಳಂತೆ ಎಡಮುರಿ, ಬಲಮುರಿ ಎಂಬ ಎರಡು ರೂಪಗಳಲ್ಲಿರಬಹುದು. ಪ್ರಯೋಗಶಾಲೆಯಲ್ಲಿ ಸುಮ್ಮನೆ ತಯಾರಿಸಿದರೆ ಎರಡೂ ಸಮವಾಗಿ ಬರುತ್ತವೆ. ಆದರೆ ಜೀವಿಗಳು ಪ್ರೋಟೀನು ಕಟ್ಟುವುದು ಎಡಮುರಿಯಿಂದಲೇ. ಅದು ದೋಸೆ ಹಿಟ್ಟಿನ ಬ್ಯಾಕ್ಟೀರಿಯಾ ಆಗಲಿ, ತುಂಗಭದ್ರೆಯ ಮೀನಾಗಲಿ, ದೇವಸ್ಥಾನದ ಜಗಲಿಯಲ್ಲಿ ಕುಳಿತ ಅಜ್ಜಿಯಾಗಲಿ, ಎಲ್ಲರದೂ ಒಂದೇ ಪದ್ಧತಿ.

ಆಕಾಶದಿಂದ ಬಿದ್ದ ಕಲ್ಲುಗಳು ಕರ್ನಾಟಕಕ್ಕೆ ಹೊಸವಲ್ಲ. 1865ರಲ್ಲಿ ಮದ್ದೂರಿನ ಬಳಿ, 1866ರಲ್ಲಿ ಉಡುಪಿಯ ಬಳಿ ಉಲ್ಕಾಶಿಲೆಗಳು ಬಿದ್ದ ದಾಖಲೆಯಿದೆ. ಆದರೆ ಎಡ–ಬಲದ ಒಗಟನ್ನು ತಂದದ್ದು 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ಊರಿನಲ್ಲಿ ಬಿದ್ದ ಇಂಗಾಲಭರಿತ ಕಲ್ಲು. ಅದರಲ್ಲಿ ಅಮೈನೋ ಆಮ್ಲಗಳಿವೆ ಎಂದು 1970ರಲ್ಲಿ ತೋರಿಸಿದ ತಂಡದಲ್ಲಿ ಶ್ರೀಲಂಕಾದಲ್ಲಿ ಹುಟ್ಟಿದ ಸಿರಿಲ್ ಪೊನ್ನಂಪೆರುಮ ಇದ್ದರು. 1997ರಲ್ಲಿ ಅದೇ ಕಲ್ಲಿನ ಕೆಲವು ಆಮ್ಲಗಳಲ್ಲಿ ಎಡಮುರಿಯ ಪಾಲು ತುಸು ಹೆಚ್ಚೆಂದು ಕಂಡುಬಂತು. ಜೀವಕ್ಕೆ ಎಡದ ಒಲವು ಆಕಾಶದಿಂದಲೇ ಬಂದಿರಬಹುದು ಎಂಬ ವಾದಕ್ಕೆ ಆಗ ಬಲ ಬಂತು.

ನೆಲಕ್ಕೆ ಬಿದ್ದ ಕಲ್ಲಿಗೆ ನೆಲದ ಜೀವ ಅಂಟುವ ಅನುಮಾನ ಇದ್ದೇ ಇರುತ್ತದೆ. ಹಾಗಾಗಿ ಕಲ್ಲಿದ್ದಲ್ಲಿಗೇ ಹೋಗಿ ತರುವ ಸಾಹಸ ನಡೆಯಿತು. ಅಮೆರಿಕದ ಒಸೈರಿಸ್–ರೆಕ್ಸ್ ನೌಕೆ ಸುಮಾರು 500 ಮೀಟರ್ ಅಗಲದ ಬೆನ್ನು ಎಂಬ ಕ್ಷುದ್ರಗ್ರಹದಿಂದ 121.6 ಗ್ರಾಂ ಮಣ್ಣನ್ನು 2023ರ ಸೆಪ್ಟೆಂಬರ್ 24ರಂದು ಭೂಮಿಗೆ ತಲುಪಿಸಿತು. (ಹೆಸರು ಕೇಳಿ ಕನ್ನಡಿಗರು ಬೆನ್ನು ಮುಟ್ಟಿ ನೋಡಿಕೊಳ್ಳಬೇಕಿಲ್ಲ, ಅದು ಈಜಿಪ್ಟಿನ ಪುರಾಣದ ಹಕ್ಕಿ.) 2025ರ ಜನವರಿಯಲ್ಲಿ ಫಲಿತಾಂಶ ಬಂತು. ಜೀವಿಗಳು ಪ್ರೋಟೀನಿಗೆ ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅಲ್ಲಿದ್ದವು. ವಂಶವಾಹಿಯ ಅಕ್ಷರಗಳಾದ ಐದೂ ಬೇಸ್‌ಗಳಿದ್ದವು. ಉಪ್ಪುನೀರು ಇಂಗಿ ಉಳಿದ ಲವಣಗಳೂ ಇದ್ದವು. ಎಲ್ಲ ಸಾಮಾನು ಅಲ್ಲಿತ್ತು, ಅಡುಗೆ ಆಗಿರಲಿಲ್ಲ! ಇನ್ನೊಂದು ಅಚ್ಚರಿಯೆಂದರೆ ಎಡಮುರಿ, ಬಲಮುರಿಗಳು ಹೆಚ್ಚುಕಡಿಮೆ ಸಮಪಾಲು. ಹರಿಹರನಂತೆ ಅರ್ಧ ಅರ್ಧ. ಎಡದ ಒಲವು ಆಕಾಶದಿಂದ ಬಂತೆಂಬ ವಾದ ಮತ್ತೆ ಅಲುಗಾಡಿದೆ.

ಹಾಗಾದರೆ ಜೀವ ಎಡವನ್ನೇ ಆರಿಸಿಕೊಂಡದ್ದು ಯಾವಾಗ, ಏಕೆ? ಉತ್ತರ ಸಿಕ್ಕಿಲ್ಲ. ಇಲ್ಲಿಂದ ಚಿತ್ರದುರ್ಗ ದಾಟಿ ಮಾರಿಕಣಿವೆಯ ಕಡೆ ಹೋದರೆ 250 ಕೋಟಿ ವರ್ಷಗಳಿಗೂ ಹಳೆಯ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರುಗಳು ಕಾಣುತ್ತವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಹಾಸಿಟ್ಟ ಗುರುತುಗಳವು. ಆ ಹೊತ್ತಿಗಾಗಲೇ ಜೀವ ಇಲ್ಲಿ ಬೇರೂರಿತ್ತು.

ದೇವಾಲಯದಿಂದ ಹೊಳೆಗೆ ದೂರವಿಲ್ಲ. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಬೆನ್ನುವಿನ ಮೂಲಕಾಯದಲ್ಲಿಯೂ ಇಂಥ ಗುಂಡಿಗಳಿದ್ದು ಒಣಗಿರಬೇಕು. ಅಲ್ಲಿ ಉಪ್ಪು ಮಾತ್ರ ಉಳಿಯಿತು. ಇಲ್ಲಿ ಪಾಚಿ ಬೆಳೆಯಿತು, ಪಾಚಿ ತಿನ್ನುವ ಮೀನು ಬಂತು, ಮೀನು ಹಿಡಿಯುವ ಮನುಷ್ಯ ಬಂದ. 1980ರ ದಶಕದಲ್ಲಿ ಕಾರ್ಖಾನೆಯ ಕೊಳೆನೀರಿನ ವಿರುದ್ಧ ಈ ಹೊಳೆಯ ದಂಡೆಯ ಜನ ದೊಡ್ಡ ಹೋರಾಟವನ್ನೇ ನಡೆಸಬೇಕಾಯಿತು. ಕೋಟಿ ಕೋಟಿ ಮೈಲಿ ಆಚೆಯ ಕಲ್ಲಿನಲ್ಲೂ ಸಿಗದ ಸಂಗತಿಯೊಂದು ಈ ಗುಂಡಿಯ ಪಾಚಿಯಲ್ಲಿದೆ ಎಂಬುದು ಆ ಹೋರಾಟದ ದಿನಗಳಲ್ಲಿ ಯಾರ ಲೆಕ್ಕದಲ್ಲೂ ಇರಲಿಲ್ಲ.

ಸಂಜೆಯ ಬಸ್ಸಿಗೆ ದಾವಣಗೆರೆಗೆ ಮರಳಿದರೆ ಹೋಟೆಲುಗಳ ಹಿತ್ತಿಲಲ್ಲಿ ನಾಳೆಯ ಹಿಟ್ಟು ರುಬ್ಬುವ ಸದ್ದು. ಬೆಳಗಾಗುವಷ್ಟರಲ್ಲಿ ಅದು ಉಬ್ಬಿರುತ್ತದೆ.