ಚಾಟನ್ ಹಳ್ಳಿಯಲ್ಲಿ ನಮ್ಮಜ್ಜಿ

ಲಂಡನ್ನಿನಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಜೇನ್ ಆಸ್ಟಿನ್ ಬಾಳಿದ ಮನೆಯನ್ನು ನಾನು ನೋಡಿರಲಿಲ್ಲ. ಊರಿನಿಂದ ಬಂದವರಿಗೆ ಬಿಗ್ ಬೆನ್, ಟವರ್ ಬ್ರಿಡ್ಜ್ ತೋರಿಸುವುದರಲ್ಲೇ ರಜೆಗಳು ಮುಗಿಯುತ್ತಿದ್ದವು. 2025ರಲ್ಲಿ, ಆಕೆ ಹುಟ್ಟಿ 250 ವರ್ಷವಾಯಿತೆಂದು ಎಲ್ಲೆಡೆ ಸಂಭ್ರಮ ನಡೆದಾಗ, ಮಗಳು "ಈ ಸಲ ಹೋಗಲೇಬೇಕು" ಎಂದು ಹಟ ಹಿಡಿದಳು. ವಾಟರ್‌ಲೂ ನಿಲ್ದಾಣದಿಂದ ಆಲ್ಟನ್‌ಗೆ ಸುಮಾರು ಒಂದೂಕಾಲು ಗಂಟೆಯ ರೈಲು, ಅಲ್ಲಿಂದ ಚಾಟನ್ ಹಳ್ಳಿಗೆ ಅರ್ಧ ಗಂಟೆಯ ನಡಿಗೆ. ಚಪಾತಿ, ಪಲ್ಯ ಕಟ್ಟಿಕೊಂಡು ತಾಯಿ ಮಗಳು ಹೊರಟೆವು.

ರಸ್ತೆಯಂಚಿನಲ್ಲೇ ಕೆಂಪು ಇಟ್ಟಿಗೆಯ ಮನೆ. ಊಟದ ಕೋಣೆಯ ಕಿಟಕಿಯ ಪಕ್ಕ ಹನ್ನೆರಡು ಮೂಲೆಗಳ ಪುಟ್ಟ ಮೇಜು. ಎರಡು ಕಾಫಿ ಲೋಟ, ಒಂದು ಚಕ್ಕುಲಿ ತಟ್ಟೆ ಇಟ್ಟರೆ ತುಂಬಿಹೋದೀತು! ಆಕೆ ಕೂತು ಬರೆದದ್ದು ಇದರ ಮೇಲಂತೆ. 'ಪ್ರೈಡ್ ಅಂಡ್ ಪ್ರೆಜುಡೀಸ್' ತಿದ್ದಿ ಸಿದ್ಧವಾಗಿ 1813ರಲ್ಲಿ ಅಚ್ಚಾದದ್ದು ಈ ಮನೆಯಲ್ಲಿದ್ದಾಗಲೇ. ಆಕೆ ಬದುಕಿರುವವರೆಗೆ ಯಾವ ಪುಸ್ತಕದ ಮೇಲೂ ಆಕೆಯ ಹೆಸರಿರಲಿಲ್ಲ.

ಮೈಸೂರಿನ ಕಾಲೇಜಿನಲ್ಲಿ ನಮಗೆ ಈ ಕಾದಂಬರಿ ಪಠ್ಯವಾಗಿತ್ತು. ಐದು ಹೆಣ್ಣುಮಕ್ಕಳಿಗೆ ಗಂಡು ಹುಡುಕುತ್ತಾ ಊರೆಲ್ಲ ನಗೆಪಾಟಲಾಗುವ ಬೆನೆಟ್ ಅಮ್ಮನನ್ನು ಹಾಸ್ಟೆಲಿನಲ್ಲಿ ಅಭಿನಯಿಸಿ ತೋರಿಸಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಆಕೆಯ ಗಂಡ ಕಣ್ಣು ಮುಚ್ಚಿದರೆ ಮನೆ, ಜಮೀನು ದೂರದ ದಾಯಾದಿ ಕಾಲಿನ್ಸನ ಪಾಲು ಎಂಬುದನ್ನು ಪರೀಕ್ಷೆಗೆ ಉರು ಹೊಡೆದಿದ್ದೆವು, ಅಷ್ಟೆ.

ಚಾಟನ್ನಿನಲ್ಲಿ ಆ ಮಾತು ಬೇರೆ ರೀತಿ ಕೇಳಿಸಿತು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ಜೇನ್, ಅಕ್ಕ ಕಸಾಂಡ್ರಾ, ತಾಯಿ ಮೂವರಿಗೂ ತಮ್ಮದೆಂಬ ಸೂರಿರಲಿಲ್ಲ. ಬಾಡಿಗೆ ಮನೆ, ನೆಂಟರ ಮನೆ, ಅಣ್ಣಂದಿರ ನೆರವು. ಶ್ರೀಮಂತ ಬಂಧುಗಳಿಗೆ ದತ್ತು ಹೋಗಿದ್ದ ಅಣ್ಣ ಎಡ್ವರ್ಡ್ 1809ರಲ್ಲಿ ಈ ಮನೆ ಬಿಟ್ಟುಕೊಟ್ಟ. ಅಂದರೆ ಬೆನೆಟ್ ಅಮ್ಮನ ಭಯ, ಬರೆದವಳ ಮನೆಯದೇ ಭಯ.

ಅಲ್ಲೇ ನಿಂತು ನಮ್ಮಜ್ಜಿಯನ್ನು ನೆನೆದೆ. ನಾಲ್ಕು ಹೆಣ್ಣು ಹೆತ್ತವಳು. ಜಾತಕಗಳ ಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮದುವೆ ಮನೆಯಿಂದ ಮದುವೆ ಮನೆಗೆ ಅಲೆಯುತ್ತಿದ್ದಳಂತೆ. ಜನ ಬೆನ್ನ ಹಿಂದೆ ನಗುತ್ತಿದ್ದರಂತೆ. ತಾತ ಹೋದ ವರ್ಷವೇ ಮನೆ ಮೈದುನನ ಮಗನದಾಯಿತು. ಕೊನೆತನಕ ಅಜ್ಜಿ ಒಬ್ಬೊಬ್ಬ ಮಗಳ ಮನೆಯಲ್ಲಿ ಮೂರು ಮೂರು ತಿಂಗಳು ಟ್ರಂಕಿನೊಡನೆ ಕಳೆದಳು. ಆಸ್ಟಿನ್ ಇಂದಿಗೂ ನಮ್ಮವಳೆನಿಸುವುದು ಇದಕ್ಕೇ ಇರಬೇಕು. ಅವಳು ನಮ್ಮನ್ನು ನಗಿಸುತ್ತಾಳೆ, ಆದರೆ ಆ ನಗೆಯ ಕೆಳಗಿರುವ ಲೆಕ್ಕವನ್ನು ಅಳಿಸುವುದಿಲ್ಲ. ಇಪ್ಪತ್ತರಲ್ಲಿ ನಗೆ ಕಾಣುತ್ತದೆ, ಐವತ್ತರಲ್ಲಿ ಲೆಕ್ಕ.

ತೋಟದ ಬೆಂಚಿನ ಮೇಲೆ ಬುತ್ತಿ ಬಿಚ್ಚಿದಾಗ ಮಗಳು ಕತೆಯೊಂದನ್ನು ಹೇಳಿದಳು. 1802ರಲ್ಲಿ ದೊಡ್ಡ ಎಸ್ಟೇಟಿನ ವಾರಸುದಾರನೊಬ್ಬ ಜೇನ್‌ಳನ್ನು ಮದುವೆಗೆ ಕೇಳಿದ. ಸಂಜೆ ಒಪ್ಪಿದವಳು ಮರುದಿನ ಬೆಳಿಗ್ಗೆ ಬೇಡವೆಂದಳು. "ಅವಳಿಗೆ ಮನೆಯೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಆದರೂ ಬೇಡ ಎಂದಳು. ನನಗೆ ಎರಡೂ ಇದೆಯಲ್ಲಮ್ಮ, ನಿನಗೆ ಯಾಕೆ ಇಷ್ಟು ಭಯ?"

ನನ್ನ ಫೋನಿನಲ್ಲಿ ಬೆಂಗಳೂರಿನ ಹುಡುಗನೊಬ್ಬನ ಫೋಟೋ, ಜಾತಕ ಎರಡೂ ಇದ್ದವು. ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ. ಏನು ಉತ್ತರ ಕೊಡಲಿ? ಅಜ್ಜಿಯ ಮನೆ ನಮಗೆ ಬರಲಿಲ್ಲ, ಭಯ ಮಾತ್ರ ಬಂತು.

ವಾಪಸು ರೈಲಿನಲ್ಲಿ ಆ ಫೋಟೋವನ್ನು ಅವಳಿಗೆ ತೋರಿಸಲಿಲ್ಲ. ಅಳಿಸಲೂ ಇಲ್ಲ. ಅಂಗಡಿಯಲ್ಲಿ ಕೊಂಡ ಹೊಸ ಪ್ರತಿಯನ್ನು ತೆರೆದು, ಬೆನೆಟ್ ಅಮ್ಮ ಮಾತಾಡುವ ಮೊದಲ ಪುಟದಿಂದಲೇ ಓದತೊಡಗಿದೆ. ಈ ಸಲ ಅವಳ ಪಕ್ಕದಲ್ಲಿ ಕೂತು.