ಪಾರ್ಲಿಮೆಂಟಿನ ಇದಿರು ದಡ

ಲಂಡನ್ನಿಗೆ ಹೋದವರು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ನಿಂತು ಪಾರ್ಲಿಮೆಂಟಿನ ಗಡಿಯಾರದ ಗೋಪುರವನ್ನು ನೋಡುವುದು ವಾಡಿಕೆ. ನಾವೂ ನೋಡಿದೆವು. ಆದರೆ ನಮ್ಮ ತಂಡದ ಮಾರ್ಗದರ್ಶಿನಿಯು, ನರೆತ ಕೂದಲಿನ ಗಂಭೀರ ಹೆಂಗಸು, ನಮ್ಮನ್ನು ಬೇಗನೆ ಇದಿರು ದಡಕ್ಕೆ ಇಳಿಸಿ, "ಆ ಭವನವನ್ನು ಎಲ್ಲರೂ ನೋಡುತ್ತಾರೆ, ಅದರ ಕಿಟಕಿಗಳಿಗೆ ಏನು ಕಾಣುತ್ತದೆಂಬುದನ್ನು ನೀವು ನೋಡಿರಿ" ಎಂದರು.

ಥೇಮ್ಸ್ ನೋಟಕ್ಕೆ ಅಷ್ಟೇನೂ ಚೆಲುವಾದ ನದಿಯಲ್ಲ. ನೀರಿಗೆ ಕದಡಿದ ಚಹದ ಬಣ್ಣ. ಸಮುದ್ರದ ಉಬ್ಬರವು ನಗರವನ್ನು ದಾಟಿ ಟೆಡಿಂಗ್ಟನ್ನಿನವರೆಗೂ ಏರುವುದರಿಂದ ಪ್ರವಾಹವು ದಿನಕ್ಕೆ ಎರಡಾವೃತ್ತಿ ಹಿಂದಕ್ಕೆ ಹರಿಯುವುದು. ಹಿಂದೆ ಇದೇ ಅನರ್ಥಕ್ಕೆ ಮೂಲವಾಯಿತು. ಊರಿನ ಕೊಳಚೆಯನ್ನೆಲ್ಲ ನದಿಗೆ ಬಿಡುತ್ತಿದ್ದರು. ಇಳಿತದಲ್ಲಿ ಹೋದ ಹೊಲಸು ಉಬ್ಬರದಲ್ಲಿ ಮರಳಿ ಬರುತ್ತಿತ್ತು. ಆ ನೀರನ್ನೇ ಅನೇಕರು ಕುಡಿಯುತ್ತಿದ್ದರು. 1848-49ರ ಕಾಲರಾದಲ್ಲಿ ಸುಮಾರು 14,000 ಮಂದಿಯೂ, 1853-54ರಲ್ಲಿ 10,000ಕ್ಕೂ ಹೆಚ್ಚು ಮಂದಿಯೂ ಮಡಿದರು. ಗರುಡಪುರಾಣದ ವೈತರಣಿಯು ಯಮಲೋಕದ ದಾರಿಯಲ್ಲಿ ಮಾತ್ರ ಉಂಟೆಂದು ನಾವು ತಿಳಿದಿದ್ದೆವು! 1858ರ ಬೇಸಗೆಯಲ್ಲಿ ದುರ್ಗಂಧವು ಪಾರ್ಲಿಮೆಂಟಿನ ಒಳಕ್ಕೇ ನುಗ್ಗಿತು. ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ತೊಯಿಸಿ ತೂಗುಹಾಕಿದರೂ ಪ್ರಯೋಜನವಾಗಲಿಲ್ಲ. ಸಾವಿರಾರು ಸಾವುಗಳು ಮಾಡಿಸಲಾರದ ಕಾನೂನನ್ನು ಆ ನಾತವು ಕೆಲವೇ ವಾರಗಳಲ್ಲಿ ಮಾಡಿಸಿತು. ಜೋಸೆಫ್ ಬಜಾಲ್ಗೆಟ್ ಎಂಬ ಇಂಜಿನಿಯರು 82 ಮೈಲಿ ಉದ್ದದ ಇಟ್ಟಿಗೆಯ ಹೆಗ್ಗಾಲುವೆಗಳನ್ನು ಕಟ್ಟಿಸಿದನು. ಆಚೆ ದಡದಲ್ಲಿ ಜನರು ತಿರುಗಾಡುವ ವಿಕ್ಟೋರಿಯಾ ಕಟ್ಟೆಯ ಹೊಟ್ಟೆಯೊಳಗೆ ಅವುಗಳಲ್ಲೊಂದು ಇಂದಿಗೂ ಹರಿಯುತ್ತಿದೆ. 1869ರಲ್ಲಿ ಮುಗಿದ ಈಚೆಯ ಆಲ್ಬರ್ಟ್ ಕಟ್ಟೆಯೂ ಅವನದೇ.

ಕಟ್ಟೆಯ ಮೇಲೆ ಸೇಂಟ್ ಥಾಮಸ್ ಆಸ್ಪತ್ರೆಯಿದೆ. ಅದರ ಮುಂದಿನ ಗೋಡೆಯ ಉದ್ದಕ್ಕೂ, ಅರ್ಧ ಕಿಲೋಮೀಟರಿನಷ್ಟು ದೂರ, ಕೆಂಪು ಹೃದಯಗಳನ್ನು ಕೈಯಿಂದ ಬರೆದಿರುವರು. ಕೋವಿಡ್ ರೋಗದಿಂದ ಸತ್ತ ಒಬ್ಬೊಬ್ಬರಿಗೆ ಒಂದೊಂದು. 2021ರ ಮಾರ್ಚಿಯಲ್ಲಿ ಮೃತರ ಮನೆಯವರೇ ಬರೆಯಲು ತೊಡಗಿದರು. ಈಗ ಎರಡು ಲಕ್ಷಕ್ಕೂ ಮಿಕ್ಕಿವೆ. ನೀರಿನ ಆಚೆ ಪಾರ್ಲಿಮೆಂಟು. "ಅಂದು ವಾಸನೆ ಕಿಟಕಿ ತಟ್ಟಿತು, ಇವರು ಬಣ್ಣದಿಂದ ತಟ್ಟಿದ್ದಾರೆ" ಎಂದರು ಮಾರ್ಗದರ್ಶಿನಿ.

ಮಳೆಬಿಸಿಲಿಗೆ ಬಣ್ಣ ಮಾಸುವುದರಿಂದ ಸ್ವಯಂಸೇವಕರು ಮತ್ತೆ ಮತ್ತೆ ತಿದ್ದುತ್ತಿರುವರು. ಅಂದು ಒಬ್ಬ ವೃದ್ಧರು ಮೊಣಕಾಲೂರಿ ಆ ಕೆಲಸದಲ್ಲಿದ್ದರು. ನಾವು ಬಹಳ ಹೊತ್ತು ನಿಂತಿದ್ದುದನ್ನು ಕಂಡು ಕುಂಚವನ್ನು ನೀಡಿ, "ನಿಮ್ಮವರು ಯಾರಾದರೂ?" ಎಂದರು. 2021ರ ವೈಶಾಖದಲ್ಲಿ ನಮ್ಮ ತಮ್ಮನನ್ನು ಇದೇ ರೋಗವು ಒಯ್ದಿತು. ಕೊನೆಗೆ ಮುಖ ನೋಡುವುದಕ್ಕೂ ದೊರೆಯಲಿಲ್ಲ. ಪಶ್ಚಿಮವಾಹಿನಿಯಲ್ಲಿ ಅಸ್ಥಿಯನ್ನು ಬಿಟ್ಟದ್ದಷ್ಟೇ ನಮ್ಮ ಕೈಗೆ ಬಂದ ಕರ್ಮ. ಅವನ ಹೆಸರು ನಾಲಗೆಯ ತುದಿಗೆ ಬಂದಿತು. ಆದರೆ ಈ ಗೋಡೆ ಈ ನಾಡಿನ ಮೃತರದು. ಹೊಸ ಹೃದಯ ಬರೆಯಲು ಮನಸ್ಸೊಪ್ಪಲಿಲ್ಲ. ಹೆಸರು ಅಳಿದುಹೋಗಿದ್ದ ಯಾರದೋ ಒಂದನ್ನು ತಿದ್ದಿ ಕುಂಚವನ್ನು ಹಿಂದಿರುಗಿಸಿದೆವು. ತಂಡದವರು ಮುಂದೆ ಹೋಗಿರಲಿಲ್ಲ. ಮಾರ್ಗದರ್ಶಿನಿ ಅವರನ್ನು ತಡೆದು ನಿಲ್ಲಿಸಿದ್ದರು.

ಆರ್ಚ್‌ಬಿಷಪ್ಪರ ಲ್ಯಾಂಬೆತ್ ಅರಮನೆಯನ್ನೂ 1932ರ ಕೆಂಪು ಸೇತುವೆಯನ್ನೂ ದಾಟಿ ನಡೆದರೆ, ಅಗೋ, ನಮ್ಮ ಬಸವಣ್ಣನವರ ಪ್ರತಿಮೆ! 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು. ಇಲ್ಲಿ ಮಾತ್ರ ಗುರುಶಿಷ್ಯರ ಸ್ಥಾನವು ಅದಲುಬದಲಾಯಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿಯಾಗಿದ್ದವರು ಇವರೆಂದೂ, ಇವರ ಅನುಭವಮಂಟಪದಲ್ಲಿ ಮಾದಾರರೂ ಅಂಬಿಗರೂ ಸ್ತ್ರೀಯರೂ ಸರಿಸಮನಾಗಿ ಕುಳಿತು ಮಾತನಾಡಿದರೆಂದೂ ನಾವು ಹೇಳಿದೆವು. ಆ ತಾಯಿ ಕಿರುಪುಸ್ತಕವನ್ನು ತೆಗೆದು ಬರೆದುಕೊಂಡರು. ಆಮೇಲೆ, "ಆ ಊರಿನಲ್ಲಿ ನದಿಯಿತ್ತೇ?" ಎಂದು ಕೇಳಿದರು.

ಊರಿನಲ್ಲಿ ಇಂಥ ನದಿಯಿರಲಿಲ್ಲ, ಅವರು ಓದಿದ್ದೂ ಐಕ್ಯರಾದದ್ದೂ ಕೃಷ್ಣೆಗೆ ಮಲಪ್ರಭೆ ಬಂದು ಕೂಡುವ ಸಂಗಮದಲ್ಲಿ ಎಂದೆವು. ಅಷ್ಟರಲ್ಲಿ ಉಬ್ಬರ ಏರತೊಡಗಿತ್ತು. ಕಟ್ಟೆಯ ಕಲ್ಲಿಗೆ ಕೂರಿಸಿದ ಕಂಚಿನ ಸಿಂಹಮುಖಗಳ ಕಡೆಗೆ ನೀರು ಮೆಲ್ಲಮೆಲ್ಲನೆ ಮೇಲೇರುತ್ತಿತ್ತು.