ಉಸಿರು ಕಾಯುವವರ ಉದ್ಯೋಗ

ಅನ್ಯರ ಉದ್ಯೋಗದ ಅರ್ಜಿಗಳನ್ನು ತೆರೆದು, ಓದಿ, ಹೊಲಿದು, ಕಡತಕ್ಕೆ ಸೇರಿಸುವುದನ್ನೇ ತನ್ನ ಉದ್ಯೋಗವನ್ನಾಗಿ ಮಾಡಿಕೊಂಡು, ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಕಚೇರಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನಿಗೆ ವೈದ್ಯವಿದ್ಯೆಯ ವಿಷಯದಲ್ಲಿ ಮಾತನಾಡುವ ಅಧಿಕಾರವಿಲ್ಲ. ಆದರೆ ಒಂದು ವೃತ್ತಿಯು ಹುಟ್ಟುವುದಕ್ಕೆ ಮೊದಲು ಅದರ ಕೆಲಸವನ್ನು ಯಾರು ಮಾಡುತ್ತಿದ್ದರು, ಹುಟ್ಟಿದ ಮೇಲೆ ಸಂಬಳದ ಪುಸ್ತಕದಲ್ಲಿ ಅದಕ್ಕೆ ಯಾವ ಸಾಲು ದೊರೆಯಿತು, ಆ ಸಾಲಿನಲ್ಲಿ ಹೆಸರು ಬರೆಸಿಕೊಂಡವರು ಎಷ್ಟು ಕಾಲ ನಿಂತರು ಎಂಬಿವು ವೈದ್ಯರಿಗಿಂತ ಗುಮಾಸ್ತನಿಗೇ ಹೆಚ್ಚು ತಿಳಿದಿರುವ ಸಂಗತಿಗಳು. ಇಂದು ಆಸ್ಪತ್ರೆಗಳಲ್ಲಿ ಎಲ್ಲರೂ ‘ಆರ್‌ಟಿ’ ಎಂದು ಕರೆಯುವ ರೆಸ್ಪಿರೇಟರಿ ಥೆರಪಿಸ್ಟರ, ಎಂದರೆ ಶ್ವಾಸಚಿಕಿತ್ಸೆಯವರ, ವಿಷಯದಲ್ಲಿ ಈ ಮೂರನ್ನೂ ನಾನು ಕಣ್ಣಾರೆ ಕಂಡವನಾದುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಮಂಗಳೂರಿಗೆ ಆಸ್ಪತ್ರೆಯೆಂಬುದು ಹೊಸತಲ್ಲ. ವೆನ್‌ಲಾಕ್ ಜಿಲ್ಲಾಸ್ಪತ್ರೆಯ ಮೂಲವು 1848ರಷ್ಟು ಹಿಂದಿನದು, ಫಾದರ್ ಆಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಜೆಸುಯಿಟ್ ಪಾದ್ರಿಗಳು ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದುದು 1880ರಲ್ಲಿ, ಡಾಕ್ಟರ್ ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ, ಅದರ ವಿದ್ಯಾರ್ಥಿಗಳು ರೋಗಿಗಳ ಹಾಸಿಗೆಯ ಬಳಿ ಪಾಠ ಕಲಿತದ್ದು ವೆನ್‌ಲಾಕ್ ಮತ್ತು ಲೇಡಿ ಗೋಷನ್ ಎಂಬ ಎರಡು ಸರಕಾರಿ ಆಸ್ಪತ್ರೆಗಳಲ್ಲಿ. ಕಾಸರಗೋಡಿನಿಂದ ಭಟ್ಕಳದವರೆಗಿನ ಕರಾವಳಿಯೂ ಘಟ್ಟದ ಕೆಳಗಿನ ಬೆಳ್ತಂಗಡಿ, ಪುತ್ತೂರು, ಸುಳ್ಯಗಳೂ ಕಾಯಿಲೆ ಬಿದ್ದಾಗ ಮುಖ ಮಾಡುವುದು ಈ ಊರಿನ ಕಡೆಗೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸಿನಿಂದ ಇಳಿಯುವವರಲ್ಲಿ ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದವರು ಇಲ್ಲದ ದಿನವನ್ನು ನಾನು ಕಂಡುದಿಲ್ಲ.

ನಾನು ಕೆಲಸಕ್ಕೆ ಸೇರಿದ ಎಪ್ಪತ್ತರ ದಶಕದ ಕೊನೆಯಲ್ಲಿ ರೋಗಿಗೆ ಉಸಿರು ಕೊಡುವ ವ್ಯವಸ್ಥೆಯೆಂದರೆ, ಕಪ್ಪು ಮೈಯ, ಬಿಳಿ ಹೆಗಲಿನ ಆಮ್ಲಜನಕದ ಸಿಲಿಂಡರು, ಅದನ್ನು ಓರೆ ಮಾಡಿ ಬುಡದ ಮೇಲೆ ತಿರುಗಿಸುತ್ತ ವಾರ್ಡಿನಿಂದ ವಾರ್ಡಿಗೆ ಒಯ್ಯುವ ವಾರ್ಡ್‌ಬಾಯ್, ಗುಳುಗುಳು ಸದ್ದು ಮಾಡುವ ನೀರಿನ ಸೀಸೆ, ಇಷ್ಟೇ ಆಗಿದ್ದಿತು. ಸಿಲಿಂಡರಿನ ಕೀಲಿ ಒಂದೇ ಇದ್ದುದರಿಂದ ಅದು ಯಾರ ಜೇಬಿನಲ್ಲಿದೆಯೆಂಬುದನ್ನು ಹುಡುಕುವುದೇ ರಾತ್ರಿ ಪಾಳಿಯ ಸಿಸ್ಟರುಗಳಿಗೆ ಒಂದು ಪ್ರತ್ಯೇಕ ಕೆಲಸವಾಗುತ್ತಿತ್ತು. ವಿದ್ಯುತ್ತಿನ ಹಂಗಿಲ್ಲದೆ ಆಮ್ಲಜನಕದ ಒತ್ತಡದಿಂದಲೇ ನಡೆಯುವ ‘ಬರ್ಡ್’ ಎಂಬ ಚಿಕ್ಕ ಪೆಟ್ಟಿಗೆಯಂತಹ ಯಂತ್ರವೊಂದು ಬಂದುದು ಮುಂದೆ; ಅದನ್ನು ಮುಟ್ಟುವ ಅಧಿಕಾರವು ಅರಿವಳಿಕೆಯ ವೈದ್ಯರೊಬ್ಬರಿಗೆ ಮಾತ್ರ ಮೀಸಲಾಗಿದ್ದಿತು, ಮತ್ತು ಅವರು ಹಗಲೆಲ್ಲ ಶಸ್ತ್ರಕ್ರಿಯೆಯ ಕೋಣೆಯಲ್ಲಿರುತ್ತಿದ್ದರು.

ಮಳೆಗಾಲ ಬಂದಿತೆಂದರೆ ಹಾವು ಕಚ್ಚಿದವರು ಬರುತ್ತಿದ್ದರು. ನಾಗರಹಾವಿನ ಮತ್ತು ಕಟ್ಟುಹಾವಿನ ವಿಷವು ರಕ್ತವನ್ನು ಕೆಡಿಸುವುದಕ್ಕಿಂತ ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಮೊದಲು ಕಣ್ಣಿನ ರೆಪ್ಪೆ ಇಳಿಯುತ್ತದೆ, ಆಮೇಲೆ ನುಂಗುವುದು ನಿಲ್ಲುತ್ತದೆ, ಕೊನೆಗೆ ಎದೆ ಏಳುವುದು ನಿಲ್ಲುತ್ತದೆ. ಆದರೆ ಆ ಕೆಲವು ದಿನ ಯಾರಾದರೂ ಬಿಡದೆ ಉಸಿರು ತುಂಬಿದರೆ, ವಿಷವಿಳಿದ ಮೇಲೆ ಅದೇ ಮನುಷ್ಯ ಎದ್ದು ಕುಳಿತು ಗಂಜಿ ಕೇಳುತ್ತಾನೆ. ಆ ‘ಯಾರಾದರೂ’ ಎಂದರೆ ಅಂದು ರೋಗಿಯ ಜೊತೆಗೆ ಬಂದ ಬೈಸ್ಟ್ಯಾಂಡರುಗಳು. ಗಂಟಲಿಗೆ ಇಳಿಸಿದ ಕೊಳವೆಗೆ ಅಂಬು ಎಂಬ ರಬ್ಬರಿನ ಚೀಲವನ್ನು ಜೋಡಿಸಿ, ಒತ್ತುವ ಲಯವನ್ನು ಎರಡು ಬಾರಿ ತೋರಿಸಿ ಡಾಕ್ಟರು ಹೊರಟುಹೋದರೆ, ಅಣ್ಣನ ಕೈ ಸೋತಾಗ ತಮ್ಮ, ತಮ್ಮನ ಕೈ ಸೋತಾಗ ನೆರೆಮನೆಯವನು, ಅವನಿಗೂ ಸಾಕಾದಾಗ ಪಕ್ಕದ ಹಾಸಿಗೆಯ ರೋಗಿಯ ಮಾವ, ಹೀಗೆ ಹಗಲೂ ಇರುಳೂ ಒತ್ತುತ್ತಿದ್ದರು. “ನಿಲ್ಲಿಸಬೇಡಿ ಮಾರಾಯ್ರೆ, ಕಾಫಿ ನಾನು ತಂದುಕೊಡುತ್ತೇನೆ” ಎಂದು ವಾರ್ಡ್‌ಬಾಯ್ ಒಬ್ಬನು ಅಂಗಲಾಚುತ್ತಿದ್ದುದು ಇಂದಿಗೂ ನನ್ನ ಕಿವಿಯಲ್ಲಿದೆ. ಹಾಗೆ ಬದುಕಿದವರಿದ್ದಾರೆ, ಒತ್ತುವವನು ಬೆಳಗಿನ ಜಾವದಲ್ಲಿ ತೂಕಡಿಸಿದ್ದರಿಂದ ಉಳಿಯದವರೂ ಇದ್ದಾರೆ, ಅವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇದು ನಮ್ಮ ಊರಿನ ಬಡತನದ ಲಕ್ಷಣವೆಂದು ನಾನು ಬಹುಕಾಲ ತಿಳಿದಿದ್ದೆ. ನಿವೃತ್ತರಾದ ವೈದ್ಯರೊಬ್ಬರು ಮುಂದೆ ಹೇಳಿದುದರಿಂದ, 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿ ನೂರಾರು ಮಂದಿಯ ಉಸಿರು ನಿಲ್ಲುವಂತಾದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯನ ಸಲಹೆಯಂತೆ ಸುಮಾರು 1500 ವೈದ್ಯವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ತಿಂಗಳುಗಟ್ಟಲೆ ಚೀಲವನ್ನು ಒತ್ತಿ ಜನರನ್ನು ಉಳಿಸಿದರೆಂಬುದು ತಿಳಿಯಿತು. ಜಗತ್ತಿನ ಐಸಿಯುಗಳ ಆರಂಭವೇ ಅಲ್ಲಿಂದ ಎನ್ನುತ್ತಾರೆ. ಅಮೆರಿಕದಲ್ಲಿಯಾದರೋ ಸಿಲಿಂಡರು ನೂಕುತ್ತಿದ್ದ ಕೆಲಸಗಾರರೇ 1947ರಲ್ಲಿ ಚಿಕಾಗೋ ನಗರದಲ್ಲಿ ಒಂದು ಸಂಘವನ್ನು ಕಟ್ಟಿಕೊಂಡು, 1960ರ ಸುಮಾರಿಗೆ ಪರೀಕ್ಷೆಯನ್ನೂ ಅದರಲ್ಲಿ ಉತ್ತೀರ್ಣರಾದವರ ಹೆಸರು ಬರೆಯುವ ದಾಖಲೆಯನ್ನೂ ಏರ್ಪಡಿಸಿಕೊಂಡಿದ್ದರು. ನಮ್ಮಲ್ಲಿ ಅವರ ಸರೀಕರಾದ ವಾರ್ಡ್‌ಬಾಯ್‌ಗಳಿಗೆ ಅಂಥದೊಂದು ದಾರಿಯಿದೆಯೆಂದು ಹೇಳುವವರೂ ಇರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಎಲ್ಲವೂ ಒಟ್ಟಿಗೆ ಬದಲಾಯಿತು. 1999ರ ಒಂದೇ ವರ್ಷದಲ್ಲಿ ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ, ಈ ಮೂರು ಸಂಸ್ಥೆಗಳಲ್ಲಿ ವೈದ್ಯಕೀಯ ಕಾಲೇಜುಗಳು ಆರಂಭವಾದುವು. ಗೇರುಮರಗಳ ಗುಡ್ಡವಾಗಿದ್ದ ದೇರಳಕಟ್ಟೆಯು ಹಾಸ್ಟೆಲುಗಳ ಊರಾಯಿತು. ಐಸಿಯುಗಳು ಬಂದುವು, ಗೋಡೆಯೊಳಗಿನಿಂದಲೇ ಆಮ್ಲಜನಕ ಬರುವ ಕೊಳವೆಗಳು ಬಂದುವು, ಪರದೆಯ ಮೇಲೆ ಉಸಿರಿನ ಗೆರೆಯನ್ನು ಬರೆಯುವ ವೆಂಟಿಲೇಟರುಗಳು ಬಂದುವು. ಮಣಿಪಾಲದಲ್ಲಿಯೂ, ಆಮೇಲೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿಯೂ, ಈ ಯಂತ್ರಗಳನ್ನು ನಡೆಸುವ ವಿದ್ಯೆಯನ್ನು ಮೂರು ವರ್ಷ ಪಾಠವಾಗಿ, ಮತ್ತೊಂದು ವರ್ಷ ಇಂಟರ್ನ್‌ಶಿಪ್ ಆಗಿ ಕಲಿಸುವ ಬಿ.ಎಸ್ಸಿ. ಪದವಿಯು ನೆಲೆಗೊಂಡಿತು.

ಆ ಪದವಿಯ ಮೊದಲ ಅರ್ಜಿಯು ನಮ್ಮ ಕಚೇರಿಗೆ ಬಂದಾಗ ಅದನ್ನು ಯಾವ ಕಡತದಲ್ಲಿ ಹಾಕಬೇಕೆಂಬುದೇ ಬಗೆಹರಿಯಲಿಲ್ಲ. ಅರ್ಜಿದಾರಳು ಮಂಜೇಶ್ವರದ ಕಡೆಯ ಹುಡುಗಿ. ಸಂದರ್ಶನಕ್ಕೆ ಕುಳಿತ ಆಡಳಿತಾಧಿಕಾರಿಗಳು ಪ್ರಮಾಣಪತ್ರವನ್ನು ಹಿಂದೆಮುಂದೆ ತಿರುವಿ, “ನೀನು ನರ್ಸಾ?” ಎಂದರು. “ಅಲ್ಲ ಸರ್.” “ಹಾಗಾದರೆ ಫಿಸಿಯೋ?” “ಅದೂ ಅಲ್ಲ ಸರ್.” “ಮತ್ತೆಂಥದಮ್ಮಾ?” ಹುಡುಗಿಯು ತುಸುವೂ ಅಳುಕದೆ, “ವೆಂಟಿಲೇಟರಿಗೆ ಹಾಕುವವರು ತುಂಬ ಜನ ಇದ್ದಾರೆ ಸರ್, ಅದರಿಂದ ಬಿಡಿಸುವುದು ನಮ್ಮ ಕೆಲಸ” ಎಂದಳು. ಅಧಿಕಾರಿಗಳಿಗೆ ಉತ್ತರ ಹಿಡಿಸಿತು, ಕೆಲಸ ದೊರೆಯಿತು. ಆದರೆ ಸಂಬಳದ ಪುಸ್ತಕದಲ್ಲಿ ಅಂತಹ ಹುದ್ದೆ ಇಲ್ಲದಿದ್ದುದರಿಂದ, ಹೊಸ ಹುದ್ದೆಯನ್ನು ಸೃಷ್ಟಿಸಿದರೆ ಹೊಸ ಸಂಬಳದ ದರವನ್ನೂ ಸೃಷ್ಟಿಸಬೇಕಾಗುತ್ತದೆಂಬ ದೂರದೃಷ್ಟಿಯಿಂದ, ಅವಳನ್ನು ಎಕ್ಸ್‌ರೇಯವರ ಮತ್ತು ಲ್ಯಾಬಿನವರ ನಡುವೆ ‘ಟೆಕ್ನೀಷಿಯನ್’ ಎಂದು ಬರೆಯಲು ನನಗೆ ಅಪ್ಪಣೆಯಾಯಿತು.

ಅವಳೂ ಅವಳ ಹಿಂದೆ ಬಂದವರೂ ಮಾಡುತ್ತಿದ್ದ ಕೆಲಸವನ್ನು ಕಚೇರಿಯ ಕಿಟಕಿಯಿಂದಲೂ ನಾನು ಅಳೆಯಬಲ್ಲವನಾಗಿದ್ದೆ, ಏಕೆಂದರೆ ಐಸಿಯುವಿನ ಬಿಲ್ಲುಗಳು ನನ್ನ ಮೇಜಿನ ಮೇಲೆಯೇ ಬರುತ್ತಿದ್ದುವು. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಅದರೊಳಗಿನ ಅನಿಲಗಳನ್ನು ಅಳೆಯುವ ಏಬಿಜಿ ಪರೀಕ್ಷೆ ನೋಡುವುದು, ಅದರಂತೆ ಯಂತ್ರದ ಒತ್ತಡವನ್ನೂ ಆಮ್ಲಜನಕದ ಪ್ರಮಾಣವನ್ನೂ ವೈದ್ಯರಿಗೆ ಸೂಚಿಸುವುದು, ಕಫವನ್ನು ಸಕ್ಷನ್ ಮಾಡುವುದು, ದಿನವೂ ಬೆಳಗ್ಗೆ ರೋಗಿ ಸ್ವತಃ ಉಸಿರಾಡಬಲ್ಲನೇ ಎಂದು ಸ್ವಲ್ಪ ಹೊತ್ತು ಬಿಟ್ಟು ನೋಡುವುದು, ಇವೆಲ್ಲವನ್ನೂ ಒಬ್ಬರೇ ಹೊಣೆಹೊತ್ತು ಮಾಡತೊಡಗಿದ ಮೇಲೆ ವೆಂಟಿಲೇಟರಿನ ದಿನಗಳ ಬಿಲ್ಲುಗಳು ಚಿಕ್ಕವಾದುವು. ರೋಗಿಯ ಮನೆಯವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆಸ್ಪತ್ರೆಯ ಆಡಳಿತವು ಇದನ್ನು ಯಾವ ದೃಷ್ಟಿಯಿಂದ ಕಂಡಿತೆಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಆದರೂ ಈ ಆರ್‌ಟಿಗಳು ನಮ್ಮಲ್ಲಿ ನಿಲ್ಲಲಿಲ್ಲ. ನಾನು ಈ ವೃತ್ತಿಯವರಿಗಾಗಿ ಟೈಪು ಮಾಡಿದ ನೇಮಕದ ಆದೇಶಗಳಷ್ಟೇ ಸಂಖ್ಯೆಯ ಅನುಭವಪತ್ರಗಳನ್ನೂ ಟೈಪು ಮಾಡಿದ್ದೇನೆ ಎಂದರೆ ಸಾಕು. ಎರಡು ವರ್ಷ ತುಂಬಿದೊಡನೆ ಬಂದು ಮೇಜಿನ ಮುಂದೆ ನಿಲ್ಲುವರು. ಸೌದಿಯೋ, ದುಬೈಯೋ, ಮಸ್ಕತ್ತೋ ಅವರನ್ನು ಕರೆಯುತ್ತಿದ್ದಿತು. ಹಿಂದೆ ನರ್ಸುಗಳು ಗಲ್ಫಿನ ಸಂದರ್ಶನಕ್ಕಾಗಿ ರಾತ್ರಿ ಬಸ್ಸು ಹತ್ತಿ ಬೊಂಬಾಯಿಗೆ ಹೋಗಿ ಏಜೆಂಟನ ಬಾಗಿಲು ಕಾಯುತ್ತಿದ್ದರು. 2006ರಲ್ಲಿ ಬಜಪೆಯ ವಿಮಾನನಿಲ್ದಾಣದಿಂದ ನೇರವಾಗಿ ದುಬೈಗೆ ವಿಮಾನ ಹೊರಟ ಮೇಲೆ ಕೊಲ್ಲಿಯ ದೇಶಗಳು ಉಡುಪಿಯಷ್ಟು ಹತ್ತಿರವಾದುವು. ಪ್ರಮಾಣಪತ್ರಗಳ ಮೂಲವನ್ನು ಪರಿಶೀಲಿಸುವ ಏರ್ಪಾಡು, ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ಪ್ರೋಮೆಟ್ರಿಕ್ ಪರೀಕ್ಷೆ, ಅನಂತರ ಆ ದೇಶದ ಆರೋಗ್ಯ ಮಂಡಳಿಯ ನೋಂದಣಿ, ಇದು ಅಲ್ಲಿಯ ಕ್ರಮ. ಅಮೆರಿಕವು ಮಾತ್ರ ಇವರಿಗೆ ಸುಲಭವಾಗಿ ತೆರೆಯದ ಬಾಗಿಲು. ತಾನು ಮಾನ್ಯ ಮಾಡಿದ ಕಾಲೇಜಿನಲ್ಲಿ ಓದದವರನ್ನು ಅದು ನೇರವಾಗಿ ಪರೀಕ್ಷೆಗೆ ಕೂರಿಸುವುದಿಲ್ಲ.

ಸಂಬಳದ ಪುಸ್ತಕದ ಆ ಹಳೆಯ ಸಾಲು ಕಂಟಕವಾದುದು ಇಲ್ಲಿಯೇ. ಸೌದಿಯ ಆರೋಗ್ಯ ಮಂಡಳಿಯು ಪದವೀಧರರನ್ನು ಸ್ಪೆಷಲಿಸ್ಟ್ ಎಂದೂ ಡಿಪ್ಲೊಮಾದವರನ್ನು ಟೆಕ್ನೀಷಿಯನ್ ಎಂದೂ ಬೇರೆಬೇರೆ ವರ್ಗಗಳಲ್ಲಿಡುತ್ತದೆ. ಪದವಿಯಿದ್ದೂ ಅನುಭವಪತ್ರದಲ್ಲಿ ಟೆಕ್ನೀಷಿಯನ್ ಎಂದಿದ್ದವನನ್ನು ಅಲ್ಲಿಯವರು ಸಂಶಯದಿಂದ ನೋಡಿದರು. ಬಂಟ್ವಾಳದ ಒಬ್ಬ ಯುವಕ ಹಾಗೆ ತಡೆಯಲ್ಪಟ್ಟು, ಪತ್ರವನ್ನು ತಿದ್ದಿಕೊಡಬೇಕೆಂದು ಬಂದು ಬೇಡಿದನು. ಪತ್ರವನ್ನು ತಿದ್ದಿದರೆ ಪುಸ್ತಕವನ್ನು ತಿದ್ದಬೇಕು, ಪುಸ್ತಕವನ್ನು ತಿದ್ದಿದರೆ ಇರುವವರೆಲ್ಲರ ಸಂಬಳವನ್ನು ಏರಿಸಬೇಕು ಎಂದು ಆಡಳಿತವು ಒಪ್ಪಲಿಲ್ಲ. ಅವನು ಇನ್ನೊಂದು ಆಸ್ಪತ್ರೆಯನ್ನು ಸೇರಿ ಮತ್ತೆ ಮೊದಲಿನಿಂದ ಅನುಭವವನ್ನು ಎಣಿಸಲಾರಂಭಿಸಿದನು.

2020ರಲ್ಲಿ ಕೋವಿಡ್ ಬಂದು, ವೆನ್‌ಲಾಕ್ ಕೋವಿಡ್ ಆಸ್ಪತ್ರೆಯಾಗಿ, ಕೇರಳದ ಗಡಿಯಾದ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಕಾಸರಗೋಡಿನ ರೋಗಿಗಳಂತೆಯೇ ಅಲ್ಲಿಂದ ದಿನವೂ ಕೆಲಸಕ್ಕೆ ಬರುತ್ತಿದ್ದವರೂ ಆಚೆಗೇ ಉಳಿದರು. ಈಚೆಗಿದ್ದ ಕೆಲವೇ ಆರ್‌ಟಿಗಳು ನಿದ್ದೆಯನ್ನು ಮರೆತರು. ಮರುವರ್ಷದ ಬೇಸಿಗೆಯಲ್ಲಿ, ರೋಗದ ಎರಡನೆಯ ಅಲೆಯಲ್ಲಿ, ಆಮ್ಲಜನಕಕ್ಕೇ ಬರ ಬಂದು, ಮೇ 5ರಂದು ನೌಕಾಪಡೆಯ ‘ಐಎನ್‌ಎಸ್ ತಲ್ವಾರ್’ ಹಡಗು ಬಹರೈನಿನಿಂದ ದ್ರವರೂಪದ ಆಮ್ಲಜನಕವನ್ನು ಹೊತ್ತು ಪಣಂಬೂರಿನ ಬಂದರಿಗೆ ಬಂದುದನ್ನು ಪತ್ರಿಕೆಗಳಲ್ಲಿ ಓದಿದವರು ಬಹಳ. ಆ ಆಮ್ಲಜನಕವು ಪುಪ್ಪುಸವನ್ನು ಸೇರಬೇಕಾದರೆ ಹಾಸಿಗೆಯ ಬಳಿ ನಿಂತು ಯಂತ್ರವನ್ನು ಹದಗೊಳಿಸುವ ಒಂದು ಕೈ ಬೇಕೆಂಬುದನ್ನು ಬರೆದವರು ವಿರಳ. ನಾನಾಗಲೇ ನಿವೃತ್ತನಾಗಿದ್ದೆ. ಆದರೂ ಹಳೆಯ ಪರಿಚಯದ ಆಸ್ಪತ್ರೆಗಳವರು ದೂರವಾಣಿಯಲ್ಲಿ, “ನಿಮ್ಮ ಆ ಆರ್‌ಟಿ ಮಕ್ಕಳು ಯಾರಾದರೂ ಊರಲ್ಲಿ ಉಂಟಾ?” ಎಂದು ಕೇಳುತ್ತಿದ್ದರು. ಊರಲ್ಲಿ ಇರಲಿಲ್ಲ, ಅವರಲ್ಲಿ ಹೆಚ್ಚಿನವರು ರಿಯಾದಿನಲ್ಲಿಯೋ ದುಬೈಯಲ್ಲಿಯೋ ಇದೇ ಕೆಲಸದಲ್ಲಿದ್ದರು.

ಆ ಎರಡನೆಯ ಅಲೆಗೆ ಕೆಲವೇ ವಾರಗಳ ಮೊದಲು, 2021ರ ಮಾರ್ಚ್ 28ರಂದು, ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದಿತು. 50ಕ್ಕೂ ಹೆಚ್ಚು ವೃತ್ತಿಗಳನ್ನು ಒಳಗೊಂಡ ಅದರ ಅನುಸೂಚಿಯಲ್ಲಿ ಶ್ವಾಸಚಿಕಿತ್ಸೆಯವರಿಗೂ ಸ್ಥಾನವಿದೆ. ರಾಷ್ಟ್ರಕ್ಕೊಂದು ಮತ್ತು ಪ್ರತಿ ರಾಜ್ಯಕ್ಕೊಂದು ದಾಖಲೆಪುಸ್ತಕವಿರಬೇಕೆಂದೂ, ರಾಜ್ಯ ಪರಿಷತ್ತುಗಳು ನೋಂದಣಿ ಮಾಡಬೇಕೆಂದೂ ಅದು ವಿಧಿಸುತ್ತದೆ. ಇದು ಬಹುಕಾಲದ ಕೊರತೆಯನ್ನು ನೀಗುವ ಕಾಯಿದೆಯೇ ಸರಿ. ಆದರೆ ನೋಂದಣಿಯು ಅರ್ಹತೆಯನ್ನು ಹೇಳಬಲ್ಲುದಲ್ಲದೆ ಹುದ್ದೆಯನ್ನು ಸೃಷ್ಟಿಸಲಾರದು. ಜಿಲ್ಲಾಸ್ಪತ್ರೆಗಳಲ್ಲಿ ವೆಂಟಿಲೇಟರಿಗೆ ಹಣ ಮಂಜೂರು ಮಾಡುವ ಸರಕಾರವು ಅದನ್ನು ಇರುಳೂ ಹಗಲೂ ನಡೆಸುವವರ ಹುದ್ದೆಯನ್ನೂ ಅದೇ ಆದೇಶದಲ್ಲಿ ಮಂಜೂರು ಮಾಡಬೇಕು. ಖಾಸಗಿಯವರು ಈ ಪದವೀಧರರಿಗೆ ಪ್ರತ್ಯೇಕ ಸಂಬಳದ ದರವನ್ನು ಗೊತ್ತುಪಡಿಸಬೇಕು.

ಅದಾಗುವವರೆಗೆ, ಈ ವಿದ್ಯೆಯನ್ನು ಕಲಿತು ಮಂಗಳೂರಿನಲ್ಲಿ ಕೆಲಸ ಹುಡುಕಲು ಹೊರಟ ಮಕ್ಕಳಿಗೆ ಹಳೆಯ ಗುಮಾಸ್ತನು ಹೇಳುವುದಿಷ್ಟೇ: ಸಂಬಳದ ಅಂಕಿಯನ್ನು ನೋಡುವ ಮೊದಲು ನೇಮಕದ ಆದೇಶದಲ್ಲಿ ನಿಮ್ಮ ಹುದ್ದೆಯನ್ನು ಏನೆಂದು ಬರೆದಿದ್ದಾರೆಂಬುದನ್ನು ಓದಿ, ಅದು ನಿಮ್ಮ ಪದವಿಗೆ ಸರಿಹೊಂದದಿದ್ದರೆ ತಿದ್ದಿಸಿಕೊಂಡು, ಆಮೇಲೆಯೇ ಸಹಿ ಹಾಕಿರಿ.